ಪದವಿ ಇಳಿದವರ ಜೀವನಾಂಶ ಮತ್ತು ಪರಿಗ್ರಹ ಪರಿಮಾಣ

ಸಿಂಹಾಸನವನ್ನು ಬಿಟ್ಟವನ ಮರುದಿನದ ಊಟ ಯಾರ ಹೊಣೆ ಎಂಬ ಪ್ರಶ್ನೆ ನಮ್ಮ ಪುರಾಣಕಥೆಗಳಲ್ಲಿ ಏಳುವುದಿಲ್ಲ. ಚಂದ್ರಗುಪ್ತ ಮೌರ್ಯನು ರಾಜ್ಯವನ್ನು ತೊರೆದು, ಭದ್ರಬಾಹು ಶ್ರುತಕೇವಲಿಗಳನ್ನು ಅನುಸರಿಸಿ, ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಮಾಧಿಮರಣ ಹೊಂದಿದನೆಂದು ನಮ್ಮ ಪರಂಪರೆ ಹೇಳುತ್ತದೆ. ಅವನಿಗೆ ಬೊಕ್ಕಸದಿಂದ ಎಷ್ಟು ಕೊಡಬೇಕೆಂದು ಪಾಟಲೀಪುತ್ರದಲ್ಲಿ ಯಾರೂ ಸಭೆ ಸೇರಿದ ಕಥೆಯಿಲ್ಲ. ಕರವನ್ನೇ ಪಾತ್ರೆ ಮಾಡಿಕೊಂಡವನಿಗೆ ಬೊಕ್ಕಸದ ಹಂಗೇನು?

ಆದರೆ ಪ್ರಜಾಪ್ರಭುತ್ವದಲ್ಲಿ ಪದವಿ ಇಳಿಯುವವನು ಬೆಟ್ಟಕ್ಕೆ ಹೋಗುವುದಿಲ್ಲ, ಮನೆಗೆ ಹೋಗುತ್ತಾನೆ. ಅವನು ಗೃಹಸ್ಥ. ಅವನಿಗೆ ಹೆಂಡತಿ ಮಕ್ಕಳಿದ್ದಾರೆ, ಮನೆಗೆ ಸುಣ್ಣ ಬಣ್ಣ ಆಗಬೇಕು, ದಿನವೂ ಬರುವ ನೂರಾರು ಕಾಗದಗಳಿಗೆ ಉತ್ತರ ಬರೆಯಬೇಕು. ಅಂಥವನ ಮುಂದೆ ಮಹಾವ್ರತದ ಅಳತೆಗೋಲನ್ನು ಹಿಡಿದು, ತ್ಯಾಗ ಸಾಲದೆಂದು ಜರೆಯುವುದು ಸುಲಭ, ನ್ಯಾಯವಲ್ಲ. ಅವನಿಗೆ ಸಲ್ಲುವ ಅಳತೆ ಶ್ರಾವಕನದು, ಅಂದರೆ ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣ. ಇರುವುದನ್ನೆಲ್ಲ ಬಿಡು ಎಂದು ಆ ವ್ರತ ಹೇಳುವುದಿಲ್ಲ. ಇರುವುದನ್ನು ಮೊದಲು ಎಣಿಸು, ಇಷ್ಟು ಸಾಕೆಂದು ಒಂದು ಗೆರೆ ಎಳೆ, ಆ ಗೆರೆಯನ್ನು ದಾಟಬೇಡ ಎನ್ನುತ್ತದೆ. ಸಮಂತಭದ್ರಾಚಾರ್ಯರು ಇದಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಕೊಟ್ಟಿದ್ದಾರೆ. ಎಣಿಕೆ ಮೊದಲು, ಗೆರೆ ಆಮೇಲೆ. ಈ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಈ ಅಳತೆಯಿಂದ ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷರ ನಿವೃತ್ತಿ ವೇತನದ ಚರಿತ್ರೆಯನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಆ ದೇಶವನ್ನೇ ಆರಿಸಿಕೊಳ್ಳಲು ಕಾರಣವಿದೆ. ಅಲ್ಲಿ ಸರಕಾರದ ಮುಖ್ಯಸ್ಥನಾಗಿದ್ದವನಿಗೆ ನೂರ ಅರವತ್ತಕ್ಕೂ ಹೆಚ್ಚು ವರ್ಷ ಏನನ್ನೂ ಕೊಡುತ್ತಿರಲಿಲ್ಲ. ಆಮೇಲೆ ಒಂದು ಕಾನೂನು ಮಾಡಿ ಕೊಡತೊಡಗಿದರು. ಆ ಕಾನೂನಿಗೆ ಕಾರಣವಾದ ಮನುಷ್ಯನ ಸ್ವಂತ ಲೆಕ್ಕದ ಹಾಳೆಗಳನ್ನು ಈಗ ಸಂಶೋಧಕರು ಬಿಡಿಸಿ ನೋಡಿದ್ದಾರೆ. ವ್ಯಾಪಾರಿಗೆ ಇಂಥ ಅವಕಾಶ ಸಿಕ್ಕುವುದು ಅಪರೂಪ.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ಗೆ 1789ರಲ್ಲಿ ಗೊತ್ತುಮಾಡಿದ ಸಂಬಳ ವರ್ಷಕ್ಕೆ 25,000 ಡಾಲರ್. ಆ ಕಾಲಕ್ಕೆ ಅದು ಬಹು ದೊಡ್ಡ ಮೊತ್ತ. ಪದವಿ ಇಳಿದ ಮೇಲಿನ ಮಾತನ್ನು ಯಾರೂ ಎತ್ತಲಿಲ್ಲ. ಅಧ್ಯಕ್ಷನಾಗುವವನು ಜಮೀನುದಾರನಾಗಿರುತ್ತಾನೆ, ತನ್ನ ಜಮೀನಿಗೆ ಹಿಂತಿರುಗುತ್ತಾನೆ ಎಂಬುದು ಎಲ್ಲರ ಊಹೆಯಾಗಿತ್ತು. ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ನರ ವಿಷಯದಲ್ಲಿ ಈ ಊಹೆ ಸುಳ್ಳಾಯಿತು. 1809ರಲ್ಲಿ ಪದವಿ ಇಳಿದಾಗಲೇ ಅವರು ಸಾಲಗಾರರು. 1815ರಲ್ಲಿ ಆರು ಸಾವಿರಕ್ಕೂ ಹೆಚ್ಚು ಗ್ರಂಥಗಳ ತಮ್ಮ ಭಂಡಾರವನ್ನು ರಾಷ್ಟ್ರದ ಶಾಸನಸಭೆಗೆ 23,950 ಡಾಲರಿಗೆ ಮಾರಿದರು. ಇಂದಿನ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಅದೇ ತಳಹದಿ. ಆದರೂ 1826ರ ಜುಲೈ 4ರಂದು ತೀರಿಕೊಂಡಾಗ ಅವರ ತಲೆಯ ಮೇಲಿದ್ದ ಸಾಲ ಒಂದು ಲಕ್ಷ ಡಾಲರಿಗೂ ಹೆಚ್ಚು. ಮುಂದಿನ ಜನವರಿಯಲ್ಲಿ ಅವರ ಮಾಂಟಿಚೆಲ್ಲೋ ಮನೆಯಂಗಳದಲ್ಲಿ ಹರಾಜು ನಡೆಯಿತು. ಮೇಜು ಕುರ್ಚಿಗಳ ಜೊತೆಗೆ ಹರಾಜಿಗಿಟ್ಟದ್ದು 130 ಮಂದಿ ಗುಲಾಮರನ್ನು. ಮಾನವರೆಲ್ಲ ಸಮಾನರೆಂದು ಘೋಷಿಸಿದ ಲೇಖನಿಯ ಒಡೆಯನ ಸಾಲವನ್ನು ತೀರಿಸಲು ಗಂಡ ಹೆಂಡಿರನ್ನೂ ಮಕ್ಕಳನ್ನೂ ಬೇರೆ ಬೇರೆ ಕೈಗಳಿಗೆ ಮಾರಲಾಯಿತು.

ಇದನ್ನು ಓದಿ ನಾವು ದೂರದಲ್ಲಿ ನಿಂತು ಮರುಗಿದರೆ ಸಾಲದು. ನಮ್ಮ ಶಾಸ್ತ್ರಗಳು ಎಣಿಸುವ ಹತ್ತು ಬಾಹ್ಯ ಪರಿಗ್ರಹಗಳಲ್ಲಿ ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣಗಳ ಸಾಲಿನಲ್ಲಿಯೇ ದಾಸೀ ದಾಸರೂ ಬರುತ್ತಾರೆ. ಮನುಷ್ಯನನ್ನು ಆಸ್ತಿಯ ಪಟ್ಟಿಯಲ್ಲಿ ಬರೆದ ಕಾಲ ನಮ್ಮಲ್ಲಿಯೂ ಇತ್ತು. ಇರಲಿ, ಅದು ಬೇರೆಯೇ ಒಂದು ಲೇಖನಕ್ಕೆ ವಸ್ತು.

ಜೆಫರ್ಸನ್ನರದು ಜಮೀನುದಾರನ ಸಾಲವಾದರೆ, ಅಧ್ಯಕ್ಷ ಯುಲಿಸಿಸ್ ಗ್ರಾಂಟರದು ಅಂಗಡಿಯ ದಿವಾಳಿ. ವ್ಯಾಪಾರ ಮಾಡುವ ಮನೆತನದವರೆಲ್ಲ ಒಮ್ಮೆ ಓದಬೇಕಾದ ಕಥೆ ಅದು. ಅಂತರ್ಯುದ್ಧವನ್ನು ಗೆದ್ದ ಸೇನಾಪತಿಯಾದ ಅವರು 1869ರಿಂದ 1877ರವರೆಗೆ ಅಧ್ಯಕ್ಷರಾಗಿದ್ದರು. ಅಧ್ಯಕ್ಷರಾಗುವಾಗ ಸೈನ್ಯದ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದರಿಂದ ಸೇನೆಯ ನಿವೃತ್ತಿ ವೇತನವೂ ಇಲ್ಲ, ಅಧ್ಯಕ್ಷಗಿರಿಯದಂತೂ ಇರಲೇ ಇಲ್ಲ. ಅವರ ಮಗ ನ್ಯೂಯಾರ್ಕಿನಲ್ಲಿ ಫರ್ಡಿನೆಂಡ್ ವಾರ್ಡ್ ಎಂಬ ಯುವಕನ ಜೊತೆ ಪಾಲುದಾರಿಕೆಯಲ್ಲಿ 'ಗ್ರಾಂಟ್ ಅಂಡ್ ವಾರ್ಡ್' ಎಂಬ ಪೇಢಿಯನ್ನು ತೆರೆದಿದ್ದ. ತಂದೆಯೂ ಅದರಲ್ಲಿ ಪಾಲುದಾರನಾದ. ದೊಡ್ಡ ಹೆಸರು ಫಲಕದ ಮೇಲಿತ್ತು, ವಹಿ ವಾರ್ಡನ ಕೈಯಲ್ಲಿತ್ತು. ಒಬ್ಬನಿಂದ ಪಡೆದ ಠೇವಣಿಯಲ್ಲಿ ಇನ್ನೊಬ್ಬನಿಗೆ ಲಾಭಾಂಶ ಹಂಚುತ್ತ ಅವನು ಕೆಲವು ವರ್ಷ ನಡೆಸಿದ. ವಹಿಯನ್ನು ತೆರೆದು ನೋಡದ ಪಾಲುದಾರ ತಾನು ಲಕ್ಷಾಧೀಶನೆಂದು ನಂಬಿ ನೆಮ್ಮದಿಯಿಂದಿದ್ದ.

1884ರ ಮೇ 4, ಭಾನುವಾರ, ವಾರ್ಡ್ ಬಂದು, ಒಂದು ದಿನದ ಮಟ್ಟಿಗೆ ಒಂದೂವರೆ ಲಕ್ಷ ಡಾಲರ್ ಬೇಕೆಂದ. ಗ್ರಾಂಟ್ ಊರುಗೋಲಿನ ಮೇಲೆ ನಡೆದು ಹೋಗಿ ಆಗರ್ಭ ಶ್ರೀಮಂತ ವಿಲಿಯಂ ವ್ಯಾಂಡರ್‌ಬಿಲ್ಟರಿಂದ ಚೆಕ್ಕು ತಂದು ಕೊಟ್ಟರು. ಎರಡು ದಿನಗಳಲ್ಲಿ ಪೇಢಿ ಮುಳುಗಿತು. ದಂಪತಿಗಳ ಕೈಯಲ್ಲಿ ಉಳಿದ ನಗದು ಇನ್ನೂರು ಡಾಲರಿನಷ್ಟು. ವ್ಯಾಂಡರ್‌ಬಿಲ್ಟ್ ಸಾಲವನ್ನು ಬಿಟ್ಟುಬಿಡಲು ಸಿದ್ಧರಿದ್ದರು. ಗ್ರಾಂಟ್ ದಂಪತಿಗಳು ಒಪ್ಪಲಿಲ್ಲ. ಮನೆ, ಜಮೀನಿನ ಜೊತೆಗೆ ಯುದ್ಧದಲ್ಲಿ ಗಳಿಸಿದ ಖಡ್ಗಗಳನ್ನೂ ಪದಕಗಳನ್ನೂ ಒಪ್ಪಿಸಿದರು. ಅದೇ ವರ್ಷ ಅವರಿಗೆ ಗಂಟಲಿನ ಕ್ಯಾನ್ಸರ್ ಎಂದು ತಿಳಿಯಿತು. ತಮ್ಮ ನಂತರ ಹೆಂಡತಿಯ ಗತಿಯೇನೆಂಬ ಚಿಂತೆಯಲ್ಲಿ, ನುಂಗಲಾಗದ ನೋವಿನಲ್ಲಿ, ಅವರು ಆತ್ಮಚರಿತ್ರೆ ಬರೆಯಲು ಕುಳಿತರು. ಪ್ರಕಟಣೆಯ ಹೊಣೆ ಹೊತ್ತವರು ಸಾಹಿತಿ ಮಾರ್ಕ್ ಟ್ವೇನ್. 1885ರ ಮಾರ್ಚಿನಲ್ಲಿ ಶಾಸನಸಭೆ ಅವರನ್ನು ನಿವೃತ್ತ ಸೇನಾಪತಿಯೆಂದು ಮತ್ತೆ ಪಟ್ಟಿಗೆ ಸೇರಿಸಿ ವೇತನ ಗೊತ್ತುಮಾಡಿತು. ಪುಸ್ತಕವನ್ನು ಮುಗಿಸಿದ ಕೆಲವೇ ದಿನಗಳಲ್ಲಿ, ಜುಲೈ 23ರಂದು, ಅವರು ಕಣ್ಣುಮುಚ್ಚಿದರು. ಅದರಿಂದ ಪತ್ನಿ ಜೂಲಿಯಾಗೆ ಬಂದ ಗೌರವಧನ ನಾಲ್ಕು ಲಕ್ಷ ಡಾಲರಿಗೂ ಮೀರಿತ್ತು.

ಗ್ರಾಂಟರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಿಲ್ಲ, ನಾನೂ ಶಂಕಿಸುವುದಿಲ್ಲ. ಆದರೆ ವಾರ್ಡ್ ಅಷ್ಟು ಜನರನ್ನು ಮೋಸ ಮಾಡಲು ಸಾಧ್ಯವಾದದ್ದು ಫಲಕದ ಮೇಲಿನ ಆ ಒಂದು ಹೆಸರಿನಿಂದ. ಪದವಿ ಹೋದ ಮೇಲೂ ಪದವಿಯ ನೆರಳು ಮಾರಾಟಕ್ಕೆ ಬರುತ್ತದೆ. ಒಡೆಯ ಮಾರದಿದ್ದರೆ ಪಕ್ಕದವನು ಮಾರುತ್ತಾನೆ. ಮುಂದಿನ ಎಪ್ಪತ್ತು ವರ್ಷಗಳ ಚರ್ಚೆಯೆಲ್ಲ ಈ ನೆರಳಿನ ಸುತ್ತ ನಡೆಯಿತು.

ನಡುವೆ ಒಂದು ದಾನದ ಪ್ರಸಂಗ ಬಂತು. 1912ರಲ್ಲಿ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ, ಮಾಜಿ ಅಧ್ಯಕ್ಷರಿಗೂ ಅವರ ವಿಧವೆಯರಿಗೂ ವರ್ಷಕ್ಕೆ 25,000 ಡಾಲರ್ ಕೊಡುವ ವ್ಯವಸ್ಥೆ ಮಾಡಿಸುವುದಾಗಿ ಸಾರಿದರು. ಆಗ ಪದವಿ ಇಳಿಯಲಿದ್ದ ವಿಲಿಯಂ ಟಾಫ್ಟ್ ಬೇಡವೆಂದರು. ರಾಷ್ಟ್ರದ ಮುಖ್ಯಸ್ಥನಾಗಿದ್ದವನು ಒಬ್ಬ ಉದ್ಯಮಿಯ ಅನ್ನದಲ್ಲಿ ಬದುಕುವುದು ಜನರಿಗೂ ಸೇರಲಿಲ್ಲ. ಟಾಫ್ಟ್ ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಅಧ್ಯಾಪಕರಾಗಿ ದುಡಿದರು. 1921ರಲ್ಲಿ ಮುಖ್ಯ ನ್ಯಾಯಾಧೀಶರಾದರು. ಆದರೆ 1919ರಲ್ಲಿ ತೀರಿಕೊಂಡ ಕಾರ್ನೆಗಿ ಉಯಿಲಿನಲ್ಲಿ ಟಾಫ್ಟರ ಹೆಸರಿಗೆ ವರ್ಷಕ್ಕೆ 10,000 ಡಾಲರ್ ಬರೆದಿಟ್ಟಿದ್ದರು. ಇದನ್ನು ಅವರು ಸ್ವೀಕರಿಸಿದರು, ಟೀಕೆಗೂ ಗುರಿಯಾದರು. ಬದುಕಿದ್ದಾತನ ಕೈಯಿಂದ ಬೇಡವಾದದ್ದು ಸತ್ತಾತನ ಕೈಯಿಂದ ಹೇಗೆ ಶುದ್ಧವಾಯಿತೋ ನನಗೆ ಅರ್ಥವಾಗಿಲ್ಲ.

ಈಗ ಹ್ಯಾರಿ ಟ್ರೂಮನ್ನರ ಕಡೆಗೆ ಬರೋಣ. 1919ರಲ್ಲಿ, ಮೊದಲ ಮಹಾಯುದ್ಧದಿಂದ ಹಿಂತಿರುಗಿದ ಅವರು ಸ್ನೇಹಿತ ಎಡ್ಡಿ ಜೇಕಬ್‌ಸನ್ ಜೊತೆಗೂಡಿ ಕಾನ್ಸಾಸ್ ಸಿಟಿಯಲ್ಲಿ ಗಂಡಸರ ಉಡುಪಿನ ಅಂಗಡಿಯನ್ನು ತೆರೆದರು. ಬೆಲೆಗಳು ಕುಸಿದು 1922ರಲ್ಲಿ ಅಂಗಡಿ ಮುಚ್ಚಿತು. ಪಾಲುದಾರ ಕೆಲ ವರ್ಷಗಳ ನಂತರ ದಿವಾಳಿ ಘೋಷಿಸಿಕೊಂಡ. ಟ್ರೂಮನ್ ಘೋಷಿಸಿಕೊಳ್ಳಲಿಲ್ಲ, ಕಾನೂನು ಕೊಟ್ಟ ಬಿಡುಗಡೆಯನ್ನು ಒಲ್ಲೆನೆಂದು, ಹಲವು ವರ್ಷಗಳ ಕಾಲ ತುಸು ತುಸುವಾಗಿ ಸಾಲವನ್ನು ತೀರಿಸಿದರು. ಅವರ ಬಗ್ಗೆ ಮುಂದೆ ನಾನು ಬರೆಯಬೇಕಾಗಿರುವ ಕಹಿ ಮಾತಿನ ಎದುರು ಇದನ್ನೂ ತಕ್ಕಡಿಯಲ್ಲಿಡಬೇಕು.

1945ರಿಂದ 1953ರವರೆಗೆ ಅಧ್ಯಕ್ಷರಾಗಿದ್ದ ಟ್ರೂಮನ್, 1953ರ ಜನವರಿಯಲ್ಲಿ ರೈಲು ಹತ್ತಿ ಮಿಸ್ಸೌರಿ ರಾಜ್ಯದ ಇಂಡಿಪೆಂಡೆನ್ಸ್ ಎಂಬ ತಮ್ಮ ಊರಿಗೆ ಹಿಂತಿರುಗಿದರು. ಸರಕಾರದಿಂದ ಅವರಿಗೆ ಬರುತ್ತಿದ್ದುದು ಸೈನ್ಯದ ನಿವೃತ್ತಿ ವೇತನವಾದ ತಿಂಗಳಿಗೆ 112 ಡಾಲರ್ 56 ಸೆಂಟ್ ಮಾತ್ರ. ಕಂಪನಿಗಳು ದೊಡ್ಡ ಸಂಬಳದ ಹುದ್ದೆಗಳನ್ನು ಮುಂದಿಟ್ಟವು. ಅವರಿಗೆ ಬೇಕಾದದ್ದು ನಾನಲ್ಲ, ನಾನಿದ್ದ ಪದವಿ ಎಂಬ ಕಾರಣಕ್ಕೆ ಅವನ್ನು ನಿರಾಕರಿಸಿದರು. ಆತ್ಮಕಥನದ ಹಕ್ಕನ್ನು 'ಲೈಫ್' ಪತ್ರಿಕೆಗೆ 6 ಲಕ್ಷ ಡಾಲರಿಗೆ ಕೊಟ್ಟರು. ತೆರಿಗೆ, ಸಹಾಯಕರ ಸಂಬಳ, ಕಚೇರಿಯ ಬಾಡಿಗೆ ಎಲ್ಲ ಕಳೆದು ತಮಗುಳಿದದ್ದು ಸುಮಾರು 37,000 ಡಾಲರ್ ಎಂದು 1957ರಲ್ಲಿ ಶಾಸನಸಭೆಯ ನಾಯಕರಿಗೆ ಬರೆದರು. ತಾಯಿಯಿಂದ ಬಂದ ಜಮೀನನ್ನು ಮಾರದೆ ಇದ್ದಿದ್ದರೆ ಸರಕಾರಿ ಅನಾಥಸಹಾಯಕ್ಕೆ ಕೈಯೊಡ್ಡಬೇಕಾಗುತ್ತಿತ್ತು ಎಂಬರ್ಥದ ಮಾತನ್ನೂ ಸೇರಿಸಿದರು.

ದೇಶ ನಾಚಿಕೊಂಡಿತು. 1958ರ ಆಗಸ್ಟ್ 25ರಂದು ಅಧ್ಯಕ್ಷ ಐಸೆನ್‌ಹೋವರ್ ಮಾಜಿ ಅಧ್ಯಕ್ಷರ ಕಾಯಿದೆಗೆ ಸಹಿ ಹಾಕಿದರು. ಜೀವಾವಧಿ ವರ್ಷಕ್ಕೆ 25,000 ಡಾಲರ್, ಸಹಾಯಕ ಸಿಬ್ಬಂದಿಗೆ 50,000ದವರೆಗೆ, ಒಂದು ಕಚೇರಿ, ಉಚಿತ ಅಂಚೆ, ವಿಧವೆಗೆ 10,000. ಆಗ ಬದುಕಿದ್ದ ಮಾಜಿ ಅಧ್ಯಕ್ಷರು ಇಬ್ಬರೇ. ಇನ್ನೊಬ್ಬರಾದ ಹರ್ಬರ್ಟ್ ಹೂವರ್ ಗಣಿ ಉದ್ಯಮದಿಂದ ಶ್ರೀಮಂತರು, ಅಧ್ಯಕ್ಷರಾಗಿದ್ದಾಗ ಸಂಬಳವನ್ನೇ ದಾನಕ್ಕೆ ಕೊಟ್ಟವರು. ತಾವು ಬೇಡವೆಂದರೆ ಟ್ರೂಮನ್ನರಿಗೆ ಮುಜುಗರವಾದೀತೆಂದು ಅವರು ಈ ಹಣವನ್ನು ಸ್ವೀಕರಿಸಿದರೆಂದು ಹೇಳುತ್ತಾರೆ. ಇನ್ನೊಬ್ಬನ ಮಾನ ಉಳಿಸಲು ಬೇಡದ್ದನ್ನು ತೆಗೆದುಕೊಳ್ಳುವುದೂ ಒಂದು ಬಗೆಯ ದಾನವೇ ಇರಬೇಕು.

ಐದಾರು ದಶಕಗಳ ಕಾಲ ಎಲ್ಲರೂ ಈ ಕಥೆಯನ್ನು ಹೀಗೆಯೇ ಹೇಳುತ್ತಿದ್ದರು. ಆಮೇಲೆ ಟ್ರೂಮನ್ನರ ಪತ್ನಿ ಬೆಸ್ ಅವರ ಖಾಸಗಿ ಕಾಗದಪತ್ರಗಳು ಸಂಶೋಧಕರಿಗೆ ತೆರೆದವು. ಕೊಲರಾಡೋ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಪಾಲ್ ಕ್ಯಾಂಪೋಸ್ ಅವನ್ನು ಪರಿಶೀಲಿಸಿ 2021ರಲ್ಲಿ ತಮ್ಮ ತೀರ್ಮಾನವನ್ನು ಪ್ರಕಟಿಸಿದರು. ಅವರು ತೋರಿಸಿರುವಂತೆ, 1953ರಲ್ಲಿ ಪದವಿ ಇಳಿದಾಗ ಟ್ರೂಮನ್ನರ ನಿವ್ವಳ ಆಸ್ತಿ ಟ್ರೂಮನ್ನರದೇ ಅಂದಾಜಿನಲ್ಲಿ 6,50,000 ಡಾಲರ್. ಆ ಕಾಲದ ಅಮೆರಿಕದಲ್ಲಿ ಇಷ್ಟುಳ್ಳವನು ಸಿರಿವಂತ. ಕೈಯೊಡ್ಡುವ ಗತಿ ಬಂದೀತೆಂದು ಬರೆದದ್ದು ಇಂಥ ಮನೆಯಿಂದ.

ಈ ಹಣದ ಒಂದು ದೊಡ್ಡ ಭಾಗದ ಮೂಲವನ್ನು ಕ್ಯಾಂಪೋಸ್ ಗುರುತಿಸಿದ್ದಾರೆ. 1949ರಲ್ಲಿ ಶಾಸನಸಭೆ ಅಧ್ಯಕ್ಷರ ಸಂಬಳವನ್ನು 75,000 ಡಾಲರಿನಿಂದ ಒಂದು ಲಕ್ಷಕ್ಕೆ ಏರಿಸಿ, ಜೊತೆಗೆ ಪದವಿಯ ಖರ್ಚುವೆಚ್ಚಕ್ಕೆಂದು ವರ್ಷಕ್ಕೆ 50,000 ಡಾಲರ್ ಭತ್ಯೆ ಕೊಟ್ಟಿತು. ಅದಕ್ಕೆ ತೆರಿಗೆಯಿಲ್ಲ, ಅದರ ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂದು ಕಾಯಿದೆಯಲ್ಲಿಯೇ ಬರೆದಿತ್ತು. ಈ ಭತ್ಯೆಯ ಬಹುಭಾಗ ಖರ್ಚಾಗದೆ ಟ್ರೂಮನ್ನರ ಸ್ವಂತ ಉಳಿತಾಯಕ್ಕೆ ಸೇರಿತೆಂಬುದು ಅವರ ವಾದ.

ಇಲ್ಲಿ ನಿಂತು ಯೋಚಿಸಬೇಕು. ಕಾನೂನಿನ ದೃಷ್ಟಿಯಿಂದ ಲೆಕ್ಕ ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಆದರೆ ಖರ್ಚಿಗೆಂದು ಕೊಟ್ಟ ಹಣ ಖರ್ಚಾಗದೆ ಉಳಿದರೆ ಅದು ಯಾರದು? ನಮ್ಮ ಬಸದಿಗಳ ಆಡಳಿತ ಮಂಡಳಿಗಳಲ್ಲಿ ಕೂತಿರುವ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ಪಂಚಕಲ್ಯಾಣದ ಲೆಕ್ಕದಲ್ಲಿ, ಪ್ರವಾಸ ಭತ್ಯೆಯಲ್ಲಿ, 'ಇತರೆ' ಎಂಬ ತಲೆಬರಹದ ಕೆಳಗೆ ಉಳಿಯುವ ನೂರು ಇನ್ನೂರು ರೂಪಾಯಿ ದೇವದ್ರವ್ಯವೇ. ಅದನ್ನು ಹಿಂದಿರುಗಿಸು ಎಂದು ಯಾವ ಲೆಕ್ಕಪರಿಶೋಧಕನೂ ಹೇಳದಿರಬಹುದು. ಅಚೌರ್ಯಾಣುವ್ರತ ಅಲ್ಲಿಂದಲೇ ಶುರುವಾಗುತ್ತದೆ. ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ಮಾತು: ನಲವತ್ತು ವರ್ಷ ಪೂಜೆ ಮಾಡಿದ ಪುರೋಹಿತನಿಗೂ, ಜೀವಮಾನವಿಡೀ ವಹಿ ಬರೆದ ಗುಮಾಸ್ತನಿಗೂ ನಿವೃತ್ತಿಯ ದಿನ ಶಾಲು ಹೊದಿಸಿ ಫಲ ತಾಂಬೂಲ ಕೊಟ್ಟು ಕಳುಹಿಸುವ ಸಂಸ್ಥೆಗಳು ಇವೆ. ಅಲ್ಲಿ ಕಷ್ಟ ಕಟ್ಟುಕಥೆಯಲ್ಲ, ಕಾಗದ ಬರೆಯಲು ಅವರಿಗೆ ಶಾಸನಸಭೆಯೂ ಇಲ್ಲ.

ಟ್ರೂಮನ್ ಕೇಳಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಪದವಿಯ ನೆರಳನ್ನು ಮಾರದವನಿಗೆ ಸಮಾಜ ಗೌರವದ ಜೀವನಾಂಶ ಕೊಡುವುದು ಸರಿಯೇ. ಲೆಕ್ಕವನ್ನು ಮುಚ್ಚಿಟ್ಟು ಕೇಳಿದ್ದು ತಪ್ಪು. ಲೆಕ್ಕ ಕೇಳದೆ ಕೊಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ಎಣಿಕೆಯಿಲ್ಲದೆ ಹುಟ್ಟಿದ ಕಾಯಿದೆಗೆ ಗೆರೆಯೂ ಇರಲಿಲ್ಲ. ಈ ಹಣವನ್ನು ಪಡೆಯುವವನು ಬೇರೆ ಗಳಿಕೆಗೆ ಹೋಗಬಾರದು, ಹೋದರೆ ಇಷ್ಟು ಕಡಿತ ಎಂಬ ಒಂದು ಸಾಲನ್ನೂ 1958ರಲ್ಲಿ ಬರೆಯಲಿಲ್ಲ. ಟ್ರೂಮನ್ನರ ಸಂಯಮ ಮುಂದಿನವರಿಗೂ ತಾನಾಗಿಯೇ ಬರುತ್ತದೆಂದು ನಂಬಿದರು.

ಬರಲಿಲ್ಲ. 1977ರಲ್ಲಿ ಇಳಿದ ಜೆರಾಲ್ಡ್ ಫೋರ್ಡ್ ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳನ್ನು ಸೇರಿದರು, ಭಾಷಣಗಳಿಗೆ ಶುಲ್ಕ ಗೊತ್ತುಮಾಡಿದರು. 1989ರಲ್ಲಿ ರೊನಾಲ್ಡ್ ರೇಗನ್ ಪದವಿ ಇಳಿದ ಕೆಲವೇ ತಿಂಗಳಲ್ಲಿ ಜಪಾನಿನ ಒಂದು ಮಾಧ್ಯಮ ಸಂಸ್ಥೆಯ ಆಹ್ವಾನದ ಮೇಲೆ ಹೋಗಿ ಬಂದದ್ದಕ್ಕೆ 20 ಲಕ್ಷ ಡಾಲರ್ ಪಡೆದದ್ದು ದೊಡ್ಡ ಸುದ್ದಿಯಾಯಿತು. 2001ರಲ್ಲಿ ಇಳಿದ ಬಿಲ್ ಕ್ಲಿಂಟನ್ ಮುಂದಿನ ಹನ್ನೆರಡು ವರ್ಷಗಳಲ್ಲಿ ಭಾಷಣಗಳಿಂದಲೇ ಗಳಿಸಿದ್ದು 10 ಕೋಟಿ ಡಾಲರಿಗೂ ಮೇಲೆ. ಈ ನಡುವೆ ನಿವೃತ್ತಿ ವೇತನವನ್ನು ಸಚಿವರ ಸಂಬಳಕ್ಕೆ ಜೋಡಿಸಿದ್ದರಿಂದ ಅದು ತಾನಾಗಿಯೇ ಏರುತ್ತ ಬಂದು 2024ರಲ್ಲಿ ವರ್ಷಕ್ಕೆ 2,46,400 ಡಾಲರ್ ಆಗಿತ್ತು. ನೆರಳನ್ನು ಮಾರದಿರಲೆಂದು ಕೊಟ್ಟ ಹಣವೂ ಬಂತು, ನೆರಳನ್ನು ಮಾರಿದ ಹಣವೂ ಬಂತು.

ಪರಿಗ್ರಹ ಪರಿಮಾಣದ ಐದು ಅತಿಚಾರಗಳನ್ನು ಹೇಳುವಾಗ ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿಸಂಗ್ರಹ, ಲೋಭಗಳ ಜೊತೆಗೆ 'ವಿಸ್ಮಯ'ವನ್ನೂ ಎಣಿಸಿದ್ದಾರೆ. ಇನ್ನೊಬ್ಬನ ಲಾಭವನ್ನು ಕಂಡು ಬೆರಗಾಗುವುದೂ ವ್ರತಕ್ಕೆ ಮಲಿನವೇ. ಚಿಕ್ಕಂದಿನಲ್ಲಿ ಇದೇಕೆ ಈ ಪಟ್ಟಿಯಲ್ಲಿ ಬಂತೆಂದು ನನಗೆ ಅನ್ನಿಸುತ್ತಿತ್ತು. ಫೋರ್ಡರನ್ನು ಟೀಕಿಸಿದ ಅದೇ ಸಮಾಜ ಕ್ಲಿಂಟನ್ನರ ಕಾಲಕ್ಕೆ ಮೊತ್ತವನ್ನು ಕೇಳಿ ಬಾಯಿ ತೆರೆದು ನಿಂತದ್ದನ್ನು ನೋಡಿದರೆ ಆಚಾರ್ಯರ ದೃಷ್ಟಿ ತಿಳಿಯುತ್ತದೆ. ಕೊಳ್ಳುವವರು ಬೆರಗಾಗದೆ ನೆರಳಿಗೆ ಬೆಲೆ ಬರುವುದಿಲ್ಲ.

ಗೆರೆಯೆಳೆದುಕೊಂಡವರು ಇಲ್ಲವೆಂದಲ್ಲ. ಜಿಮ್ಮಿ ಕಾರ್ಟರ್ 1981ರಲ್ಲಿ ಜಾರ್ಜಿಯಾದ ಪ್ಲೇನ್ಸ್ ಎಂಬ ಹಳ್ಳಿಗೆ ಮರಳಿದಾಗ, ಪದವಿಯ ಅವಧಿಯಲ್ಲಿ ಅನ್ಯರ ವಶಕ್ಕೆ ಒಪ್ಪಿಸಿದ್ದ ಕಡಲೆಕಾಯಿ ವ್ಯಾಪಾರದ ಮೇಲೆ ಸುಮಾರು ಹತ್ತು ಲಕ್ಷ ಡಾಲರ್ ಸಾಲ ನಿಂತಿತ್ತು. ವ್ಯಾಪಾರವನ್ನು ಮಾರಿ, ಮೂವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದು, ಎರಡು ಮಲಗುವ ಕೋಣೆಗಳ ತಮ್ಮ ಹಳೆಯ ಮನೆಯಲ್ಲಿಯೇ ಅವರು ಬಾಳಿದರು. ನಿರ್ದೇಶಕ ಮಂಡಳಿಗಳಿಗೆ ಹೋಗಲಿಲ್ಲ. ನಿವೃತ್ತಿ ವೇತನವನ್ನು ಪಡೆದರು. ಅದು ಅವರಿಗೆ ನಿಜಕ್ಕೂ ಸಲ್ಲುವಂಥದಾಗಿತ್ತು. 2024ರ ಡಿಸೆಂಬರ್ 29ರಂದು, ನೂರನೆಯ ವಯಸ್ಸಿನಲ್ಲಿ, ಅದೇ ಮನೆಯಲ್ಲಿ ತೀರಿಕೊಂಡರು. ಒಬ್ಬನ ಶೀಲದ ಮೇಲೆ ಕಾಯಿದೆ ನಿಲ್ಲಬಾರದೆಂಬುದಕ್ಕೆ ಅವರೇ ಉದಾಹರಣೆ, ಏಕೆಂದರೆ ಅವರಂಥವರು ಒಬ್ಬರೇ ಕಾಣುತ್ತಾರೆ.

ಕೊನೆಗೆ 2016ರಲ್ಲಿ ಗೆರೆಯೆಳೆಯುವ ಒಂದು ಪ್ರಯತ್ನ ನಡೆಯಿತು. ವೇತನವನ್ನು 2 ಲಕ್ಷ ಡಾಲರಿಗೆ ಮಿತಗೊಳಿಸಿ, ಖರ್ಚಿಗೆ ಇನ್ನೊಂದು 2 ಲಕ್ಷ ಕೊಟ್ಟು, ಮಾಜಿ ಅಧ್ಯಕ್ಷನ ಹೊರಗಳಿಕೆ ವರ್ಷಕ್ಕೆ 4 ಲಕ್ಷವನ್ನು ಮೀರಿದರೆ ಮೀರಿದ ಪ್ರತಿ ಡಾಲರಿಗೆ ಖರ್ಚಿನ ಭತ್ಯೆಯಲ್ಲಿ ಒಂದು ಡಾಲರ್ ಕಡಿಯುವ ಮಸೂದೆಯನ್ನು ಎರಡೂ ಸದನಗಳು ಅಂಗೀಕರಿಸಿದವು. ಇಚ್ಛಾಪರಿಮಾಣಕ್ಕೆ ಇದಕ್ಕಿಂತ ಹತ್ತಿರವಾದ ಶಾಸನವನ್ನು ನಾನು ಓದಿಲ್ಲ. ಆ ವರ್ಷದ ಜುಲೈ 22ರಂದು ಅಧ್ಯಕ್ಷ ಬರಾಕ್ ಒಬಾಮಾ ಅದನ್ನು ತಡೆಹಿಡಿದರು. ಮಾಜಿ ಅಧ್ಯಕ್ಷರ ಸಿಬ್ಬಂದಿಯ ಸಂಬಳ ಒಮ್ಮೆಗೇ ನಿಲ್ಲುತ್ತದೆ, ಕಚೇರಿಗಳ ಬಾಡಿಗೆ ಕರಾರುಗಳಿಗೆ ತೊಡಕಾಗುತ್ತದೆ, ತಿದ್ದಿ ತಂದರೆ ಸಹಿ ಹಾಕುತ್ತೇನೆ ಎಂದರು. ಆಕ್ಷೇಪಣೆಗಳು ಅಸಂಬದ್ಧವೇನಲ್ಲ. ಮುಂದಿನ ಜನವರಿಯಲ್ಲಿ ಅವರೂ ಮಾಜಿಗಳಾದರು. ಅವರ ಮತ್ತು ಪತ್ನಿಯ ಪುಸ್ತಕಗಳಿಗೆ ಆರು ಕೋಟಿ ಡಾಲರಿಗೂ ಹೆಚ್ಚಿನ ಒಪ್ಪಂದವಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ತಿದ್ದಿದ ಮಸೂದೆಯನ್ನು ನಂತರದ ಶಾಸನಸಭೆಗಳಲ್ಲಿ ಮತ್ತೆ ಮತ್ತೆ ಮಂಡಿಸಿದ್ದಾರೆ. ಅದು ಕಾಯಿದೆಯಾಗಿಲ್ಲ, ಟ್ರೂಮನ್ನರ ಕಾಗದದಿಂದ ಹುಟ್ಟಿದ 1958ರ ಕಾಯಿದೆಯೇ ನಡೆದು ಬರುತ್ತಿದೆ.